ಪ್ರೆಸ್ಸೇ ಇಲ್ಲದ ಸರ್ಕಾರಿ ಮುದ್ರಕ

ಸರ್ಕಾರದ ಪ್ರಿಂಟಿಂಗ್ ಕೆಲಸ ನಿಮ್ಮದಾಯ್ತು. ಆದರೆ ನಿಮ್ಮ ಹತ್ರ ಪ್ರೆಸ್ಸೇ ಇಲ್ಲ! 1850ರ ದಶಕದ ವಾಷಿಂಗ್ಟನ್‌ನಲ್ಲಿ ಇದೊಂದು ತೊಂದರೆಯೇ ಅಲ್ಲ.

ಆಗ ಅಮೆರಿಕದ ಸಂಸತ್ತಿನ ಎರಡೂ ಸದನಗಳು ತಮ್ಮ ಮುದ್ರಕರನ್ನು ವೋಟು ಹಾಕಿ ಆರಿಸ್ತಿದ್ದವು. ಗೆಲ್ಲೋರು ಸಾಮಾನ್ಯವಾಗಿ ಪಕ್ಷದ ಪತ್ರಿಕೆಯವರು, ಇಲ್ಲಾ ಪಕ್ಷಕ್ಕೆ ದುಡಿದವರು. 1846ರಲ್ಲಿ ಟೆಂಡರ್ ತಂದು ನೋಡಿದರು. ತೀರಾ ಕಡಿಮೆಗೆ ಹಿಡಿದವರು ಕೆಲಸ ಮುಗಿಸಲಾಗದೆ ಒದ್ದಾಡಿದರು. 1852ಕ್ಕೆ ಮತ್ತೆ ಹಳೇ ಪದ್ಧತಿ.

ಹೆಸರಿಗೆ ಒಬ್ಬ ಮುದ್ರಕ. ಅಚ್ಚು ಹಾಕೋದು ಕಾರ್ನೀಲಿಯಸ್ ವೆಂಡೆಲ್ ಎಂಬ ಇನ್ನೊಬ್ಬ. ನಮ್ಮೂರ ರಸ್ತೆ ಕಾಮಗಾರಿ ಸಬ್ ಕಾಂಟ್ರಾಕ್ಟ್ ಇದ್ದ ಹಾಗೆ! ದರ ಕಾನೂನಿನಲ್ಲೇ ನಿಗದಿ. ಉಗಿಯಂತ್ರದ ಪ್ರೆಸ್ ಬಂದು ಖರ್ಚು ಇಳಿದಿತ್ತು. ಹಾಗಾಗಿ ಹಂಚಿಕೊಂಡರೂ ಮಿಗುವಷ್ಟು ಲಾಭ.

ಆ ಲಾಭ ಎಲ್ಲಿಗೆ ಹೋಯ್ತು? 1860ರಲ್ಲಿ ಸಂಸತ್ತಿನ ಕೋವೋಡ್ ತನಿಖಾ ಸಮಿತಿ ಮುಂದೆ ವೆಂಡೆಲ್ಲೇ ಬಾಯಿಬಿಟ್ಟ: ಅಧ್ಯಕ್ಷ ಬುಕಾನನ್ ಪಕ್ಷದ ಪತ್ರಿಕೆಗಳಿಗೆ, ಚುನಾವಣೆಗಳಿಗೆ. ಸಮಿತಿ ನಡೆಸ್ತಿದ್ದವರು ವಿರೋಧಿಗಳೇ, ನಿಜ. ಆದರೆ ಲೆಕ್ಕ ಒಪ್ಪಿಸಿದ್ದು ಒಳಗಿನವನು.

ಅದೇ ವರ್ಷದ ಜೂನ್‌ನಲ್ಲಿ ಸರ್ಕಾರಕ್ಕೆ ಸ್ವಂತ ಮುದ್ರಣಾಲಯ ಬೇಕೆಂಬ ಕಾನೂನಾಯ್ತು. ಕೊಂಡದ್ದು ಯಾವುದನ್ನ ಗೊತ್ತಾ? ವೆಂಡೆಲ್ ಕಟ್ಟಿಸಿದ್ದನ್ನೇ, 1,35,000 ಡಾಲರ್‌ಗೆ! 1861ರ ಮಾರ್ಚ್ 4ರಂದು, ಲಿಂಕನ್ ಪ್ರಮಾಣವಚನದ ದಿನವೇ, ಬಾಗಿಲು ತೆರೆಯಿತು. ಲಿಂಕನ್ ನೇಮಿಸಿದ ಮೊದಲ ಮುಖ್ಯಸ್ಥ ಜಾನ್ ಡೀಫ್ರೀಸ್, ಇಂಡಿಯಾನಾದಲ್ಲಿ ಪತ್ರಿಕೆ ನಡೆಸಿದವರು. ಪಕ್ಷ? ಲಿಂಕನ್ನರದ್ದೇ.