ಕೊಬ್ಬಿನ ಆಕರ ಕೋಶ: ಬಂಡವಾಳ ಹೂಡುವ ಮುನ್ನ ನೋಡಬೇಕಾದ ಅಂಕಿಗಳು

ಸ್ಟೆಮ್ ಸೆಲ್ ಎಂದು ಪರಿಚಿತವಾಗಿರುವ ಆಕರ ಕೋಶಗಳ ಚಿಕಿತ್ಸಾ ಉದ್ಯಮದಲ್ಲಿ ಬಂಡವಾಳ ತೊಡಗಿಸಬೇಕೆಂಬ ಪ್ರಸ್ತಾವನೆ ಇಂದು ಯಾವ ವರ್ತಕರ ಮುಂದೆಯೂ ಬರಬಹುದು. ದೇಹದ ಕೊಬ್ಬಿನಿಂದ ಪಡೆದ ಕೋಶಗಳು ಹಾನಿಗೊಂಡ ಮೃದು ಅಂಗಾಂಶಗಳನ್ನು ಮತ್ತೆ ಬೆಳೆಸುತ್ತವೆಂಬ ಮಾತು ಆಕರ್ಷಕವೇ ಸರಿ. ಅದನ್ನು ಪರಿಶೀಲಿಸುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ತಂತ್ರಜ್ಞಾನದ ಸ್ವರೂಪ

ಹಿಂದೆ ಇಂತಹ ಕೋಶಗಳಿಗೆ ಅಸ್ಥಿಮಜ್ಜೆಯೇ ಮುಖ್ಯ ಮೂಲವಾಗಿತ್ತು. 2001ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು, ಕೊಬ್ಬಿನಲ್ಲಿಯೂ ಮೂಳೆ, ಮೃದ್ವಸ್ಥಿ, ಸ್ನಾಯು ಕೋಶಗಳಾಗಿ ಮಾರ್ಪಡಬಲ್ಲ ಕೋಶಗಳಿವೆಯೆಂದು ವರದಿ ಮಾಡಿದರು. ಕೊಬ್ಬು ಹೀರುವ ಶಸ್ತ್ರಕ್ರಿಯೆಯ ನಂತರ ಎಸೆಯುತ್ತಿದ್ದ ವಸ್ತು ಹೀಗೆ ಕಚ್ಚಾ ಸಾಮಗ್ರಿಯಾಯಿತು. ಅದನ್ನು ತೊಳೆದು, ಕೊಲಾಜಿನೇಸ್ ಎಂಬ ಕಿಣ್ವದಿಂದ ಬಿಡಿಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದಾಗ ಬೇಕಾದ ಕೋಶಗಳು ತಳದಲ್ಲಿ ಸೇರುತ್ತವೆ. ಈ ಕೋಶಗಳು ತಾವೇ ಹೊಸ ಅಂಗಾಂಶವಾಗುವುದಕ್ಕಿಂತ ಹೆಚ್ಚಾಗಿ, ಉರಿಯೂತವನ್ನು ತಗ್ಗಿಸುವ ಹಾಗೂ ರಕ್ತನಾಳಗಳ ಬೆಳವಣಿಗೆಗೆ ನೆರವಾಗುವ ರಾಸಾಯನಿಕಗಳನ್ನು ಸ್ರವಿಸುತ್ತವೆ.

ಅಲೊಫಿಸೆಲ್ ಉದಾಹರಣೆ

ಕ್ರೋನ್ ಎಂಬ ಕರುಳಿನ ಕಾಯಿಲೆಯುಳ್ಳ ಕೆಲವರಿಗೆ ಗುದದ ಬಳಿ ಭಗಂದರ, ಅಂದರೆ ಫಿಸ್ಟುಲಾ ಉಂಟಾಗುತ್ತದೆ. ಇದಕ್ಕಾಗಿ ದಾನಿಗಳ ಕೊಬ್ಬಿನ ಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ ಟೈಜೆನಿಕ್ಸ್ ಸಂಸ್ಥೆಯು ಅಲೊಫಿಸೆಲ್ ಎಂಬ ಚುಚ್ಚುಮದ್ದನ್ನು ರೂಪಿಸಿತು. 212 ರೋಗಿಗಳ ಪ್ರಯೋಗದಲ್ಲಿ, 24 ವಾರಗಳ ಅನಂತರ ಕೋಶ ಪಡೆದವರಲ್ಲಿ ಶೇ. 50, ಬರಿಯ ಲವಣದ್ರಾವಣ ಪಡೆದವರಲ್ಲಿ ಶೇ. 34 ಮಂದಿ ಗುಣ ಹೊಂದಿದರು. 2018ರಲ್ಲಿ ಯುರೋಪ್ ಒಕ್ಕೂಟ ಅನುಮತಿ ನೀಡಿತು. ಅದೇ ವರ್ಷ ಜಪಾನಿನ ಟಕೇಡಾ ಸಂಸ್ಥೆ ಸುಮಾರು 52 ಕೋಟಿ ಯೂರೋಗಳಿಗೆ ಟೈಜೆನಿಕ್ಸನ್ನು ಕೊಂಡುಕೊಂಡಿತು.

ಅನಂತರ 568 ರೋಗಿಗಳ ಎರಡನೆಯ ಪ್ರಯೋಗ ನಡೆಯಿತು. 2023ರಲ್ಲಿ ಅದು ವಿಫಲವೆಂದು ಪ್ರಕಟವಾಯಿತು. ಪ್ರಮಾಣಗಳು ಕ್ರಮವಾಗಿ ಶೇ. 48.8 ಮತ್ತು ಶೇ. 46.3. 2024ರ ಡಿಸೆಂಬರಿನಲ್ಲಿ ಅಲೊಫಿಸೆಲ್ ಯುರೋಪ್ ಒಕ್ಕೂಟದ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಅಂಕಿಗಳ ಅರ್ಥ

ಗಮನಿಸಬೇಕಾದ ಅಂಶವೆಂದರೆ, ಔಷಧದ ಫಲಿತಾಂಶ ಬಹುಮಟ್ಟಿಗೆ ಬದಲಾಗಲಿಲ್ಲ. ಬದಲಾದದ್ದು ಹೋಲಿಕೆಯ ಗುಂಪಿನ ಫಲಿತಾಂಶ. ಎರಡೂ ಗುಂಪಿನವರ ಭಗಂದರವನ್ನು ಶಸ್ತ್ರಕ್ರಿಯೆಯಲ್ಲಿ ಕೆರೆದು ಶುಚಿಗೊಳಿಸಿ, ಒಳಬಾಯಿಯನ್ನು ಹೊಲಿಯಲಾಗಿತ್ತು. ಅಷ್ಟರಿಂದಲೇ ಅನೇಕರು ಗುಣವಾಗುತ್ತಾರೆ. "ನಮ್ಮ ಚಿಕಿತ್ಸೆಯಿಂದ ಅರ್ಧದಷ್ಟು ಜನ ಗುಣಮುಖರಾದರು" ಎಂಬ ಹೇಳಿಕೆ ಸುಳ್ಳಲ್ಲದಿದ್ದರೂ, ವೆಚ್ಚ ಕಳೆಯದೆ ವಹಿವಾಟನ್ನೇ ಲಾಭವೆಂದು ತೋರಿಸಿದಂತೆ. ನಿವ್ವಳ ಲಾಭ ಎರಡು ಗುಂಪುಗಳ ಅಂತರ ಮಾತ್ರ.

ವಹಿಸಬೇಕಾದ ಎಚ್ಚರಿಕೆ

ಅಲೊಫಿಸೆಲ್ ಪ್ರಯೋಗಗಳಿಗೆ ಒಳಪಟ್ಟಿತು. ಒಳಪಡದವುಗಳ ಅಪಾಯ ಬೇರೆಯೇ ತೆರನದು. 2015ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಲಾ 5,000 ಡಾಲರ್ ತೆತ್ತು ಕಣ್ಣಿಗೆ ಕೊಬ್ಬಿನ ಕೋಶ ಚುಚ್ಚಿಸಿಕೊಂಡ ಮೂವರು ಮಹಿಳೆಯರು ತೀವ್ರವಾಗಿ ದೃಷ್ಟಿ ಕಳೆದುಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯು, ನಿಗದಿತ ಕಾಯಿಲೆಗಳಿಗಾಗಿ ಮಾಡುವ ರಕ್ತಜನಕ ಕೋಶಗಳ ಕಸಿಯ ಹೊರತು, ಅನುಮೋದಿತ ಪ್ರಯೋಗದ ಹೊರಗೆ ಆಕರ ಕೋಶ ನೀಡುವುದನ್ನು ಅನೈತಿಕವೆಂದು ಪರಿಗಣಿಸುತ್ತದೆ.

ಆದುದರಿಂದ ಹಣ ತೊಡಗಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಹೋಲಿಕೆಯ ಗುಂಪು ಇತ್ತೇ? ಎರಡನೆಯ ಪ್ರಯೋಗದಲ್ಲಿಯೂ ಅದೇ ಅಂತರ ಕಂಡುಬಂದಿತೇ? ಅನುಮತಿ ಪತ್ರ ಯಾವ ಕಾಯಿಲೆಗೆ? ಲಿಖಿತ ಉತ್ತರ ದೊರೆಯದಿದ್ದರೆ ಹಣ ಬ್ಯಾಂಕಿನಲ್ಲಿಯೇ ಇರುವುದು ಲೇಸು. ಈ ಪ್ರಶ್ನೆಗಳು ಮನೆಯವರ ಚಿಕಿತ್ಸೆಗೆ ಹಣ ಕಟ್ಟುವಾಗಲೂ ಅನ್ವಯಿಸುತ್ತವೆ.