ಧ್ವನಿ ಸಾಧನಗಳಿಗೆ ಪ್ರತ್ಯೇಕ ವಿದ್ಯುತ್ ಮಾರ್ಗ: ಅರ್ಥಿಂಗ್ ಮಾತ್ರ ಒಂದೇ ಇರಲಿ

ಮನೆಯ ಒಂದು ಕೋಣೆಯನ್ನು ಸಂಗೀತ ಶ್ರವಣಕ್ಕೋ ಹೋಂ ಥಿಯೇಟರಿಗೋ ಮೀಸಲಿಡುವ ಗ್ರಾಹಕರು ಅದಕ್ಕೆಂದೇ ಪ್ರತ್ಯೇಕ ವಿದ್ಯುತ್ ಮಾರ್ಗವನ್ನು ಅಪೇಕ್ಷಿಸುವುದು ಸಹಜ. ಆದರೆ ಅದರೊಡನೆ ‘ಆಡಿಯೋಗೆ ಬೇರೆಯೇ ಅರ್ಥಿಂಗ್ ಹಾಕಿಕೊಡಿ’ ಎಂಬ ಬೇಡಿಕೆಯೂ ಬಂದಾಗ ವರ್ತಕರು, ವೈರಿಂಗ್ ಗುತ್ತಿಗೆದಾರರು ಹಾಗೂ ಆಂಪ್ಲಿಫೈಯರ್ ತಯಾರಿಸುವ ಸಣ್ಣ ಉದ್ದಿಮೆದಾರರು ಎಚ್ಚರ ವಹಿಸಬೇಕಾಗುತ್ತದೆ.

ಭೂಸಂಪರ್ಕದ ಉದ್ದೇಶ

ಅರ್ಥಿಂಗ್ ಎಂದು ರೂಢಿಯಲ್ಲಿರುವ ಭೂಸಂಪರ್ಕವು ಧ್ವನಿಯನ್ನು ಇಂಪಾಗಿಸುವ ಉಪಕರಣವಲ್ಲ. ಸಾಧನದ ಲೋಹದ ಕವಚಕ್ಕೆ ಫೇಸ್ ತಂತಿ ತಗಲಿದಾಗ ವಿದ್ಯುತ್ತು ಮನುಷ್ಯನ ದೇಹದ ಮೂಲಕ ಹರಿಯದೆ ತಂತಿಯ ಮೂಲಕ ಹರಿದು, ರಕ್ಷಣಾ ಸಾಧನವು ಸರಬರಾಜನ್ನು ಕಡಿಯುವಂತೆ ಮಾಡುವುದೇ ಅದರ ಕೆಲಸ. ಈ ಕುರಿತ ಭಾರತೀಯ ಮಾನಕ ಐಎಸ್ 3043 ಆಗಿದ್ದು, 2018ರಲ್ಲಿ ಪರಿಷ್ಕೃತಗೊಂಡಿದೆ.

ಸ್ಪೀಕರಿನಲ್ಲಿ ಕೇಳುವ ‘ಗುಂಯ್’ ಸದ್ದಿಗೆ ಬಹುತೇಕ ಸಂದರ್ಭಗಳಲ್ಲಿ ಕಾರಣ ಬೇರೆ. ಎರಡು ಸಾಧನಗಳು ಎರಡು ಕಡೆ ಭೂಸಂಪರ್ಕ ಪಡೆದು, ಸಿಗ್ನಲ್ ಕೇಬಲಿನ ಮೂಲಕವೂ ಪರಸ್ಪರ ಜೋಡಣೆಗೊಂಡಾಗ ಒಂದು ಕುಣಿಕೆ ಏರ್ಪಡುತ್ತದೆ. ಕೇಬಲಿನ ಹೊರಕವಚದಲ್ಲಿ ಹರಿಯುವ ಅಲ್ಪ ವಿದ್ಯುತ್ತೇ 50 ಹರ್ಟ್ಸ್ ಸದ್ದಾಗಿ ಕೇಳಿಸುತ್ತದೆ. ಟಿವಿ ಕೇಬಲಿನಿಂದಲೂ ಇಂತಹ ಕುಣಿಕೆ ಉಂಟಾಗಬಹುದು.

ಪ್ರತ್ಯೇಕ ಗುಂಡಿಯ ಅಪಾಯ

ಮುಖ್ಯ ಅರ್ಥಿಂಗಿಗೆ ಜೋಡಿಸದೆ ಆಡಿಯೋಗಾಗಿ ಮಾತ್ರ ಹೊಸ ಗುಂಡಿ ತೋಡಿದರೆ, ದೋಷದ ವಿದ್ಯುತ್ತು ಮಣ್ಣಿನ ಮೂಲಕವೇ ಹಿಂದಿರುಗಬೇಕಾಗುತ್ತದೆ. ಆ ಗುಂಡಿಯ ರೋಧ 10 ಓಮ್ ಎಂದಿಟ್ಟುಕೊಳ್ಳೋಣ. 230 ವೋಲ್ಟಿನಲ್ಲಿ ಹೆಚ್ಚೆಂದರೆ 23 ಆಂಪಿಯರ್ ಹರಿದೀತು. ಆದರೆ 16 ಆಂಪಿಯರಿನ ‘ಸಿ’ ಬಗೆಯ ಎಂಸಿಬಿ ತಕ್ಷಣ ಕಡಿಯಲು ಅದರ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 23 ಆಂಪಿಯರಿಗೆ ಅದು ದೀರ್ಘಕಾಲ ಕಡಿಯದೆಯೇ ಇರಬಹುದು. ಅಷ್ಟೂ ಹೊತ್ತು ಆಂಪ್ಲಿಫೈಯರಿನ ಕವಚ ಮುಟ್ಟಿದವರ ಪ್ರಾಣಕ್ಕೆ ಸಂಚಕಾರ. ಮನೆಯ ಮುಖ್ಯ ಭೂಸಂಪರ್ಕವೂ ಮಣ್ಣನ್ನೇ ನೆಚ್ಚಿರುವಲ್ಲಿ ಇದೇ ತೊಂದರೆಯಿರುವುದರಿಂದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅತ್ಯವಶ್ಯಕ.

ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಭಾರೀ ವೋಲ್ಟೇಜ್ ಅಂತರ ಉಂಟಾಗಿ ಸಾಧನಗಳೂ ಸುಟ್ಟುಹೋಗಬಹುದು. ಒಂದೇ ವ್ಯವಹಾರಕ್ಕೆ ಪರಸ್ಪರ ತಾಳೆಯಾಗದ ಎರಡು ಲೆಕ್ಕಪುಸ್ತಕಗಳು ಹೇಗೆ ಸಲ್ಲವೋ, ಒಂದೇ ಮನೆಗೆ ಸಂಬಂಧವಿಲ್ಲದ ಎರಡು ಭೂಸಂಪರ್ಕಗಳೂ ಹಾಗೆಯೇ ಸಲ್ಲವು. ಹೆಚ್ಚುವರಿ ಗುಂಡಿ ಬೇಕೆಂದಾದರೆ ಅದನ್ನು ಮುಖ್ಯ ಭೂಸಂಪರ್ಕ ತುದಿಗೆ ದಪ್ಪ ವಾಹಕದಿಂದ ಜೋಡಿಸಲೇಬೇಕು.

ಸರಿಯಾದ ವಿಧಾನ

ವಿತರಣಾ ಫಲಕದಿಂದ ಆಡಿಯೋ ಕೋಣೆಗೆ ಪ್ರತ್ಯೇಕ ಎಂಸಿಬಿಯ ಮೂಲಕ ಫೇಸ್, ನ್ಯೂಟ್ರಲ್ ಹಾಗೂ ಹಸಿರು ಅರ್ಥ್ ತಂತಿಗಳನ್ನು ಒಟ್ಟಿಗೆ ಎಳೆಯಬೇಕು. 16 ಆಂಪಿಯರ್ ಮಾರ್ಗಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಯೋಗ್ಯವಾದುದು. ಅರ್ಥ್ ತಂತಿ ಫಲಕದ ಸಾಮಾನ್ಯ ಅರ್ಥ್ ಪಟ್ಟಿಗೇ ಸೇರಬೇಕು. ಫ್ರಿಜ್, ಮಿಕ್ಸಿ, ಡಿಮ್ಮರ್ ದೀಪಗಳನ್ನು ಈ ಮಾರ್ಗಕ್ಕೆ ಸೇರಿಸಬಾರದು. ಎಲ್ಲ ಧ್ವನಿ ಸಾಧನಗಳೂ ಒಂದೇ ಕಡೆಯ ಸಾಕೆಟ್‌ಗಳಿಂದ ವಿದ್ಯುತ್ ಪಡೆಯಬೇಕು.

ಇಷ್ಟಾದರೂ ಸದ್ದು ಉಳಿದರೆ ಪರಿಹಾರವನ್ನು ಸಿಗ್ನಲ್ ಮಾರ್ಗದಲ್ಲಿ ಹುಡುಕಬೇಕು. ಬ್ಯಾಲೆನ್ಸ್ಡ್ ಕೇಬಲ್, ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಟಿವಿ ಕೇಬಲಿಗೆ ಐಸೊಲೇಟರ್ ಅಳವಡಿಸಬಹುದು. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸುವುದು ಪರಿಹಾರವಲ್ಲ. ಒಂದರೊಳಗೊಂದು ಚೌಕದ ಗುರುತುಳ್ಳ, ಇಮ್ಮಡಿ ನಿರೋಧನದ ಸಾಧನಗಳಿಗೆ ಮಾತ್ರ ರಕ್ಷಣೆಗಾಗಿ ಅರ್ಥ್ ಬೇಕಿಲ್ಲ.

ವರ್ತಕರ ಹೊಣೆ

2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ತಯಾರಕರೊಡನೆ ಮಾರಾಟಗಾರರನ್ನೂ ಸೇವೆ ಒದಗಿಸುವವರನ್ನೂ ಉತ್ಪನ್ನ ಹೊಣೆಗಾರಿಕೆಯ ವ್ಯಾಪ್ತಿಗೆ ತಂದಿದೆ. ಮಾರಾಟಗಾರನು ಸರಕನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾದರೆ ಪರಿಹಾರದ ಹೊಣೆ ಅವನ ಮೇಲೆ ಬೀಳುತ್ತದೆ. ಗ್ರಾಹಕನ ಒತ್ತಾಯಕ್ಕೆ ಮಣಿದು ಅಂಗಡಿಯಲ್ಲೇ ಅರ್ಥ್ ಪಿನ್ ಕಿತ್ತುಕೊಡುವ ವರ್ತಕನು ಇದನ್ನು ನೆನಪಿಡಬೇಕು.

ಆದುದರಿಂದ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸಿ, ಅರ್ಥ್ ಟೆಸ್ಟರಿನಿಂದ ಅಳೆದ ರೋಧವನ್ನೂ ಆರ್‌ಸಿಸಿಬಿ ಪರೀಕ್ಷೆಯ ಫಲಿತಾಂಶವನ್ನೂ ದಿನಾಂಕ ಸಹಿತ ಬರೆದು, ಬಿಲ್ಲಿನ ಪ್ರತಿಯೊಡನೆ ಕಾಪಿಡುವುದು ಒಳಿತು. ಇದರ ವೆಚ್ಚ ಅತ್ಯಲ್ಪ. ಗ್ರಾಹಕನ ಪ್ರಾಣಕ್ಕೂ ವರ್ತಕನ ವ್ಯವಹಾರಕ್ಕೂ ಇದರಿಂದ ದೊರೆಯುವ ರಕ್ಷಣೆ ದೊಡ್ಡದು.