ಎರಡು ಗುಡ್ಡ, ನಡುವೆ ಸೂರ್ಯ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯ ಸುತ್ತಮುತ್ತ ತ್ರಿಕೋನದಂತೆ ಚೂಪಾದ ಗುಡ್ಡ ಹುಡುಕಿದರೆ ಸಿಗುವುದು ಕಷ್ಟ. ಇಲ್ಲಿನ ಗುಡ್ಡಗಳದ್ದು ದುಂಡು ಬೆನ್ನು. ಕಣಿವೆಯಲ್ಲಿ ಕಾಡು, ಬುಡದಲ್ಲಿ ಅಡಿಕೆ ತೋಟ, ಗದ್ದೆ. ಆಷಾಢದಲ್ಲಂತೂ ಸೂರ್ಯನ ದರ್ಶನವೇ ಅಪರೂಪ. ಆದರೂ ಈ ಸೀಮೆಯ ಮಗುವಿಗೆ ಒಂದು ಹಾಳೆ ಕೊಟ್ಟು ‘ಪ್ರಕೃತಿ ಚಿತ್ರ ಬರಿ ಮಗಾ’ ಎಂದರೆ ಮೂಡುವುದು ಎರಡು ತ್ರಿಕೋನ, ನಡುವೆ ನಗುವ ಸೂರ್ಯ, ಒಂದು ಹೊಳೆ, ಒಂದು ತೆಂಗಿನಮರ. ಬೆಂಗಳೂರಿನ ಮಗುವೂ ಅದನ್ನೇ ಬರೆಯುತ್ತದೆ. ಚಿತ್ರಕಲೆ, ಕಾಗದದ ಕೆಲಸ ನಮ್ಮ ಶಾಲೆಗಳಿಗೆ ಬಂದ ದಾರಿಯನ್ನು ಹಿಂತಿರುಗಿ ನೋಡಿದರೆ, ಮಕ್ಕಳನ್ನು ಪ್ರಕೃತಿಯ ಹತ್ತಿರ ಒಯ್ಯಬೇಕೆಂದು ಹೊರಟದ್ದು ಅರ್ಧದಲ್ಲೇ ನಿಂತಿರುವುದು ಕಾಣುತ್ತದೆ.

ಕಾಗದ ಮಡಚುವುದನ್ನು, ಹೆಣೆಯುವುದನ್ನು, ಕತ್ತರಿಸುವುದನ್ನು ಎಳೆಯರ ಪಾಠವಾಗಿಸಿದವರಲ್ಲಿ ಮುಖ್ಯನಾದವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಹದಿಹರೆಯದಲ್ಲಿ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಕೆಲಸ ಕಲಿತವನು, ಆಮೇಲೆ ಬರ್ಲಿನ್‌ನಲ್ಲಿ ಖನಿಜದ ಹರಳುಗಳನ್ನು ಜೋಡಿಸುತ್ತ ಕುಳಿತವನು. ಗಿಡದ ಎಲೆಗೂ ಹರಳಿಗೂ ಇರುವ ಅಚ್ಚುಕಟ್ಟನ್ನು ಮಗು ತನ್ನ ಬೆರಳಿನಿಂದಲೇ ಅರಿಯಬೇಕೆಂಬುದು ಅವನ ಹಂಬಲ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವನು ಆರಂಭಿಸಿದ ಕೆಲಸವೇ ಮುಂದೆ ಕಿಂಡರ್‌ಗಾರ್ಟನ್ ಆಯಿತು. 1851ರಲ್ಲಿ ಪ್ರಷ್ಯಾ ಸರ್ಕಾರ ಅದನ್ನು ನಿಷೇಧಿಸಿತು. ಮಕ್ಕಳು ಕಾಗದ ಮಡಚಿದರೆ ರಾಜ್ಯಕ್ಕೆ ಏನು ಅಪಾಯವೋ! ನಿಷೇಧ ಬಹುಕಾಲ ಬಾಳಲಿಲ್ಲ. 1876ರಲ್ಲಿ ಟೋಕಿಯೋದಲ್ಲಿ ಕಿಂಡರ್‌ಗಾರ್ಟನ್ ತೆರೆದಾಗ ಫ್ರೋಬೆಲನ ಮಡಿಕೆಗಳು ಜಪಾನಿನ ಒರಿಗಾಮಿಯ ಜೊತೆ ಬೆರೆತವು.

ಮಲೆನಾಡಿನ ಮಕ್ಕಳು ಇದಕ್ಕಾಗಿ ಕಾದು ಕುಳಿತಿರಲಿಲ್ಲ. ತೆಂಗಿನ ಗರಿಯಲ್ಲಿ ಗಿರಿಗಿಟ್ಲೆ, ಹಾವು, ಪೀಪಿ, ಕೈಗಡಿಯಾರ. ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಅಂಗಳದ ತುಂಬ ಎಳೆಯುವ ಆಟ. ಎಲೆಯ ಅಡಿಗೆ ಬಿಳಿಪುಡಿ ಹೊತ್ತ ಒಂದು ಜರಿಗಿಡವಿದೆ. ಅದನ್ನು ಮುಂಗೈ ಮೇಲಿಟ್ಟು ಪಟ್ ಎಂದು ಹೊಡೆದರೆ ಎಳೆ ಎಳೆಯಾಗಿ ಎಲೆಯ ಅಚ್ಚು ಮೂಡುತ್ತದೆ. ಸಾಗುವಾನಿಯ ಚಿಗುರು ತಿಕ್ಕಿದರೆ ಕೆಂಪು, ಬಸಳೆ ಹಣ್ಣು ಹಿಂಡಿದರೆ ನೇರಳೆ, ಅರಿಶಿನಕ್ಕೆ ಸುಣ್ಣ ಬಿದ್ದರೆ ಮತ್ತೆ ಕೆಂಪು. ಸಾಗರ, ಸೊರಬದ ಕಡೆ ದೀವರ ಮನೆಯ ಹೆಂಗಸರು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟು, ಗುರಿಗೆ ಕಾಯಿಯ ಹಳದಿ ಬಳಸಿ, ಪುಂಡಿ ನಾರಿನ ಕುಂಚದಲ್ಲಿ ಬರೆದದ್ದನ್ನು ಯಾವ ಶಾಲೆಯೂ ಕಲಿಸಿರಲಿಲ್ಲ.

ಬರೆಯಲು ಕಾಗದ ಬಂದದ್ದೂ ಈ ಕಾಡುಗಳಿಂದಲೇ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಮಲೆನಾಡಿನ ಬಿದಿರನ್ನು ಅರೆದು ಕಾಗದ ಮಾಡಿತು. ಅದೇ ಕಾಲಕ್ಕೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಕುಣಿತ, ಚಿತ್ರ, ನಾಟಕ, ಸುತ್ತಾಟಗಳಿಂದಲೇ ಮಕ್ಕಳು ಕಲಿಯಬೇಕೆಂದು ಹಟ ಹಿಡಿದವರು ಅವರು. ಅವರು ಬಾಳಿದ ಪುತ್ತೂರಿನ ಬಾಲವನ ಇಂದಿಗೂ ಇದೆ. 1979ರಲ್ಲಿ ರಂಗಕರ್ಮಿ ಪ್ರೇಮಾ ಕಾರಂತರ ಬೆನಕ ಮಕ್ಕಳ ಕೇಂದ್ರ ಶುರುವಾಯಿತು. ಮುಂದೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬಂತು. ಏಪ್ರಿಲ್ ಬಂತೆಂದರೆ ಊರೂರಿನಲ್ಲಿ ಏಳುವ ಬೇಸಿಗೆ ಶಿಬಿರ, ಅಲ್ಲಿನ ಕಾಗದದ ಮುಖವಾಡಗಳಿಗೆ ಈ ರಂಗದವರ ಋಣ ದೊಡ್ಡದು.

ಸರ್ಕಾರಿ ಶಾಲೆಯ ಒಳಗೆ ನಿಜವಾದ ಬದಲಾವಣೆ ತಂದದ್ದು ನಲಿ-ಕಲಿ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ 1995ರಲ್ಲಿ ಶುರುಮಾಡಿದ ಪದ್ಧತಿ ಇದು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳನ್ನೆಲ್ಲ ತಲುಪಿತು. ನಲಿ-ಕಲಿ ಕೋಣೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಲೆಯ ಮೇಲಿನ ಚಪ್ಪರ. ಸೂರಿನಡಿ ತಂತಿಯನ್ನೋ ಹುರಿಯನ್ನೋ ಅಡ್ಡಡ್ಡ ಕಟ್ಟಿ, ಮಕ್ಕಳು ಮಾಡಿದ ಹಕ್ಕಿ, ಮೀನು, ಚಿತ್ರಗಳನ್ನು ಇಳಿಬಿಡುತ್ತಾರೆ. ಬಹುಮಾನ ಬಂದದ್ದು, ಬಾರದ್ದು ಎಂಬ ಭೇದ ಅಲ್ಲಿಲ್ಲ. ಮಲೆನಾಡಿನ ಚಪ್ಪರಕ್ಕೆ ಒಂದು ಕಷ್ಟ ಮಾತ್ರ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಶೃಂಗೇರಿಯನ್ನೂ ಬಿಡುವುದಿಲ್ಲ. ಬಣ್ಣದ ಕಾಗದ ಮೆತ್ತಗಾಗುತ್ತದೆ, ಮೈದಾ ಅಂಟಿಗೆ ಬೂಸರು ಹಿಡಿಯುತ್ತದೆ. ಅಂಟಿಗೆ ಮೈಲುತುತ್ತ ಹಾಕಿದರೆ ಬೂಸರು ಬಾರದು. ತೋಟಕ್ಕೆ ಬೋರ್ಡೋ ಹೊಡೆಯುವ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಆದರೆ ಅದು ವಿಷ, ಮಕ್ಕಳ ಕೈಗೆ ಕೊಡಲೇಬಾರದು. ಮಳೆಗಾಲಕ್ಕೆ ಅಂಟು ಬೇಡದ ಮಡಿಕೆ ಕೆಲಸವೇ ಒಳ್ಳೆಯದು.

ಎಡವಟ್ಟಾದದ್ದು ಸ್ಪರ್ಧೆಯಿಂದ. ಪ್ರತಿಭಾ ಕಾರಂಜಿಯಂಥ ವೇದಿಕೆಗಳು ಹಳ್ಳಿಯ ಮಕ್ಕಳನ್ನು ಮುಂದಕ್ಕೆ ತಂದದ್ದು ನಿಜ. ಆದರೆ ಹೊತ್ತು ಗೊತ್ತುಮಾಡಿ, ವಿಷಯ ಕೊಟ್ಟು ಬರೆಸಿದಾಗ ಮಗು ಖಾತ್ರಿಯಿರುವ ಚಿತ್ರಕ್ಕೇ ಶರಣಾಗುತ್ತದೆ. ಅಂಗಡಿಯ ಡ್ರಾಯಿಂಗ್ ಪುಸ್ತಕದ ಎರಡು ಗುಡ್ಡ ಗೆಲ್ಲುವುದು ಅಲ್ಲಿ. ಮಿಂಚು ಕಾಗದ, ಥರ್ಮಾಕೋಲ್ ತಂದು ಅಪ್ಪ ಅಮ್ಮನೇ ರಾತ್ರಿ ಕೂತು ಮಾಡಿಕೊಡುವ ‘ಕ್ರಾಫ್ಟ್’ ಇನ್ನೊಂದು ಬಗೆಯದು. ಅದರ ಬಗ್ಗೆ ಹೇಳದಿರುವುದೇ ಲೇಸು.

ಈಗ ಶಾಲೆಗಳಿಗೆ ‘ಸಂಭ್ರಮ ಶನಿವಾರ’ ಎಂಬ ಚೀಲವಿಲ್ಲದ ದಿನ ಬಂದಿದೆ. ಅಡ್ಡಗದ್ದೆಯಂಥ ಊರಿನ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ಎಸ್‌ಡಿಎಂಸಿಯವರಲ್ಲಿ ಒಂದು ಕೋರಿಕೆ. ಆ ದಿನ ಮಕ್ಕಳನ್ನು ಕೋಣೆಯಲ್ಲಿ ಕೂರಿಸಬೇಡಿ. ತೋಟದ ದಂಡೆಗೆ ಕರೆದೊಯ್ದು ಒಂದೇ ಎಲೆಯನ್ನು ಸಾವಕಾಶವಾಗಿ ನೋಡಿಸಿ, ಆಮೇಲೆ ಬರೆಸಿ. ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿಯ ಬರ್ಡ್‌ವಿಂಗ್ ಕಂಡರೆ, ಕಾಗದವನ್ನು ನಡುವೆ ಮಡಚಿ ಆ ಕಪ್ಪು-ಹಳದಿ ರೆಕ್ಕೆ ಕತ್ತರಿಸಲು ಹೇಳಿ. ಅಡಿಕೆ ಬೇಯಿಸುವ ಕಾಲದಲ್ಲಿ ಯಾರದಾದರೂ ಮನೆಯಿಂದ ಒಂದು ಬಾಟಲಿ ಚೊಗರು ತರಿಸಿಕೊಳ್ಳಿ. ಹೆಗ್ಗೋಡಿನ ಕೈಮಗ್ಗ ಸಂಸ್ಥೆ ‘ಚರಕ’ದವರು ಬಟ್ಟೆಗೆ ಹಾಕುವ ಬಣ್ಣ ಅದು, ಕಾಗದಕ್ಕೂ ಚೆನ್ನಾಗಿ ಹಿಡಿಯುತ್ತದೆ. ಕೇಳಿದರೆ ಇಲ್ಲವೆನ್ನುವ ಮನೆ ಈ ಕಡೆ ಇರಲಾರದು.